ಪಕ್ಕದ ಮನೆಯ ಅಜ್ಜಿಗೆ ಟಿಕೆಟ್ ಮಾಡಿಕೊಟ್ಟರೆ ಜೈಲೇ?

“ನಿಮ್ಮ ಐಆರ್‌ಸಿಟಿಸಿ ಖಾತೆಯಿಂದ ಬೇರೆ ಅಡ್ಡಹೆಸರು (ಸರ್‌ನೇಮ್) ಇರುವವರಿಗೆ ರೈಲು ಟಿಕೆಟ್ ಕಾಯ್ದಿರಿಸಿದರೆ ಮೂರು ವರ್ಷ ಜೈಲು, 10,000 ರೂಪಾಯಿ ದಂಡ.” 2024ರಲ್ಲಿ ಹರಡಿದ ಈ ವಾಟ್ಸ್ಆ್ಯಪ್ ಸಂದೇಶ ಸುಳ್ಳು. ಆ ವರ್ಷದ ಜೂನ್‌ನಲ್ಲೇ ರೈಲ್ವೆ ಇದನ್ನು ಅಲ್ಲಗಳೆದಿದೆ. ಮನೆಯವರು, ನೆಂಟರು, ಸ್ನೇಹಿತರು, ಯಾರಿಗೆ ಬೇಕಾದರೂ ಟಿಕೆಟ್ ಮಾಡಿಕೊಡಬಹುದು; ತಿಂಗಳಿಗೆ 12, ಖಾತೆಗೂ ಟಿಕೆಟ್ಟಿನ ಪ್ರಯಾಣಿಕರಲ್ಲಿ ಒಬ್ಬರಿಗಾದರೂ ಆಧಾರ್ ದೃಢೀಕರಣವಾಗಿದ್ದರೆ 24. ಅಡ್ಡಹೆಸರಿನ ಮಾತೇ ಇಲ್ಲ. ಇದ್ದಿದ್ದರೆ, ಹೆಸರಿನ ಹಿಂದೆ ಒಂದು ಇನಿಷಿಯಲ್ ಇಟ್ಟುಕೊಂಡೇ ಬಾಳುವ ಶಿವಮೊಗ್ಗದ ಮನೆಗಳ ಗತಿಯೇನು!

ಗಾಳಿಸುದ್ದಿಗೂ ಒಂದು ಬೇರು ಇದ್ದೇ ಇರುತ್ತದೆ. 1989ರ ರೈಲ್ವೆ ಕಾಯ್ದೆಯ 143ನೇ ಕಲಂ ಹೇಳುವ ಶಿಕ್ಷೆ ಅಷ್ಟೇ ಇದೆ: ಗರಿಷ್ಠ ಮೂರು ವರ್ಷ ಸೆರೆ, 10,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಆದರೆ ಅದು ಅನುಮತಿಯಿಲ್ಲದೆ ಟಿಕೆಟ್ ಮಾರುವುದನ್ನೇ ದಂಧೆ ಮಾಡಿಕೊಂಡವರಿಗೆ. ಸಂದೇಶ ಬರೆದವರು ಶಿಕ್ಷೆಯನ್ನು ಉಳಿಸಿಕೊಂಡು ಅಪರಾಧವನ್ನು ಬದಲಿಸಿದ್ದಾರೆ.

ಸಾಗರ ಪಟ್ಟಣದಲ್ಲಿ ಪಕ್ಕದ ಮನೆಯ ಅಜ್ಜಿಗೆ ತಾಳಗುಪ್ಪ–ಮೈಸೂರು ರೈಲಿನಲ್ಲಿ ಕೆಳಗಿನ ಬರ್ತ್ ಮಾಡಿಕೊಟ್ಟು, ಟಿಕೆಟ್ಟಿನ ಹಣವನ್ನಷ್ಟೇ ಪಡೆದರೆ ಅದು ವ್ಯಾಪಾರವಲ್ಲ. ಮೇಲೆ ಕಮಿಷನ್ ಇಟ್ಟು ಊರಿಗೆಲ್ಲ ಮಾರತೊಡಗಿದರೆ ಮಾತು ಬೇರೆ. ಅಜ್ಜಿ ಪ್ರೀತಿಯಿಂದ ಕೊಡುವ ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಧಾರಾಳವಾಗಿ ತೆಗೆದುಕೊಳ್ಳಿ.