ಐದು ಮಾತ್ರೆ ಹಿಂದೆ ಬಿದ್ದ ಸರ್ಕಾರ

ಅಮೆರಿಕದಲ್ಲಿ ಬ್ರಿಸ್ಟಲ್ ಅಂತ ಒಂದು ಊರಿದೆ. ಊರು ಒಂದೇ, ರಾಜ್ಯ ಎರಡು. ಪೇಟೆ ಬೀದಿಗೆ ಸ್ಟೇಟ್ ಸ್ಟ್ರೀಟ್ ಅಂತ ಹೆಸರು. ಬೀದಿಯ ಉತ್ತರದ ಅಂಗಡಿಗಳು ವರ್ಜೀನಿಯಾದಲ್ಲಿವೆ, ಎದುರು ಸಾಲಿನ ಅಂಗಡಿಗಳು ಟೆನೆಸ್ಸಿಯಲ್ಲಿವೆ. ಗಡಿ ಎಲ್ಲಿ ಅಂತ ಯಾರಿಗೂ ಅನುಮಾನ ಬರಬಾರದಲ್ಲ, ಅದಕ್ಕೆ ರಸ್ತೆ ನಡುವೆ ಹಿತ್ತಾಳೆ ಬಿಲ್ಲೆ ಕೂರಿಸಿದ್ದಾರೆ. ಮೇಲೆ ರಸ್ತೆಗೆ ಅಡ್ಡಲಾಗಿ ದೀಪದ ಬೋರ್ಡು. 'ಬದುಕಲು ಒಳ್ಳೆಯ ಜಾಗ' ಅಂತ ಬರೆದು, ಎರಡೂ ರಾಜ್ಯದ ಕಡೆ ಬಾಣ ಹಾಕಿದ್ದಾರೆ.

ಅಲ್ಲಿಗೆ ಹೋದವರೆಲ್ಲ ಮಾಡುವುದನ್ನು ನಾನೂ ಮಾಡಿದೆ. ಗಾಡಿ ಬರುತ್ತಿಲ್ಲ ಅಂತ ನೋಡಿಕೊಂಡು, ಪಶ್ಚಿಮಕ್ಕೆ ಮುಖ ಮಾಡಿ, ಬಿಲ್ಲೆಯ ಆಚೆಗೊಂದು ಈಚೆಗೊಂದು ಕಾಲಿಟ್ಟು ನಿಂತೆ. ಎಡಗಾಲು ಟೆನೆಸ್ಸಿ, ಬಲಗಾಲು ವರ್ಜೀನಿಯಾ. ಹೊಟ್ಟೆ ಯಾವ ರಾಜ್ಯಕ್ಕೆ ಸೇರಿದ್ದು ಅಂತ ಮಾತ್ರ ಗೊತ್ತಾಗಲಿಲ್ಲ.

ಸುಮ್ನೆ ಹೇಳಿದ ಮಾತಲ್ಲ ಇದು. 2022ರ ಜೂನ್ 24ರಂದು ಅಲ್ಲಿನ ಸುಪ್ರೀಂ ಕೋರ್ಟು ಡಾಬ್ಸ್ ಪ್ರಕರಣದಲ್ಲಿ ತೀರ್ಪು ಕೊಟ್ಟು, ದೇಶಕ್ಕೆಲ್ಲ ಗರ್ಭಪಾತದ ಹಕ್ಕು ಕೊಟ್ಟು 1973ರಿಂದ ಇದ್ದ ರೋ ತೀರ್ಪನ್ನು ಕಿತ್ತು ಹಾಕಿತು. ಗರ್ಭಪಾತ ಬೇಕೋ ಬೇಡವೋ, ಆಯಾ ರಾಜ್ಯ ನೋಡಿಕೊಳ್ಳಲಿ ಅಂದಿತು. ಟೆನೆಸ್ಸಿ ನೋಡಿಕೊಂಡಿತು. ಅಲ್ಲೀಗ ಗರ್ಭಪಾತ ಮಾಡಿದ ಡಾಕ್ಟರಿಗೆ 3ರಿಂದ 15 ವರ್ಷ ಜೈಲು. ಬ್ರಿಸ್ಟಲ್‌ನ ಟೆನೆಸ್ಸಿ ಕಡೆ ಒಂದು ಕ್ಲಿನಿಕ್ ಇತ್ತು. ಅವರೇನು ಮಾಡಿದರು? ಸುಮಾರು ಒಂದು ಮೈಲಿ ಆಚೆ, ವರ್ಜೀನಿಯಾ ಕಡೆ ಹೋಗಿ ಬಾಗಿಲು ತೆಗೆದರು. ಅದೇ ಊರು, ಅದೇ ಕೆಲಸ. ಈ ಕಡೆ ಹದಿನೈದು ವರ್ಷದ ಜೈಲು, ಆ ಕಡೆ ಮಾಮೂಲಿ ಅಪಾಯಿಂಟ್‌ಮೆಂಟು. ಪೆಟ್ರೋಲ್ ಎಲ್ಲಿ ಎರಡು ರೂಪಾಯಿ ಕಮ್ಮಿ ಅಂತ ನೋಡಿಕೊಂಡು ಗಡಿ ದಾಟುವ ಜನ ನಾವು, ನಮಗೆ ಇದು ಅರ್ಥವಾಗದ ವಿಷಯವೇನಲ್ಲ. ಆದರೆ ಪೆಟ್ರೋಲಿನಲ್ಲಿ ಪಾಪ ಪುಣ್ಯದ ಪ್ರಶ್ನೆ ಇರಲಿಲ್ಲ.

ಇಷ್ಟಾದರೂ ಕ್ಲಿನಿಕ್ಕಿಗೆ ಗೋಡೆ ಇದೆ, ಬಾಗಿಲಿದೆ, ಬೀಗ ಜಡಿಯಬಹುದು. ಸರ್ಕಾರಗಳಿಗೆ ತಲೆಕೆಟ್ಟಿದ್ದು ಮಾತ್ರೆ ವಿಷಯದಲ್ಲಿ.

ಒಟ್ಟು ಐದು ಮಾತ್ರೆ. ಒಂದು ಮಿಫೆಪ್ರಿಸ್ಟೋನ್, 200 ಮಿಲಿಗ್ರಾಂ. ಒಂದೆರಡು ದಿನ ಬಿಟ್ಟು ತೆಗೆದುಕೊಳ್ಳಲು ನಾಲ್ಕು ಮಿಸೊಪ್ರೊಸ್ಟಾಲ್. ಅಮೆರಿಕದ ಔಷಧ ಇಲಾಖೆ ಎಫ್‌ಡಿಎ ಇದಕ್ಕೆ 2000ದ ಸೆಪ್ಟೆಂಬರ್‌ನಲ್ಲೇ ಒಪ್ಪಿಗೆ ಕೊಟ್ಟಿದೆ. ಈಗ ಹತ್ತು ವಾರದವರೆಗೆ ಕೊಡಬಹುದು ಅನ್ನುತ್ತದೆ. 2023ರಲ್ಲಿ ಆ ದೇಶದ ವೈದ್ಯಕೀಯ ವ್ಯವಸ್ಥೆಯೊಳಗೆ ನಡೆದ ಗರ್ಭಪಾತಗಳಲ್ಲಿ 100ಕ್ಕೆ 63 ಮಾತ್ರೆಯಲ್ಲೇ ಆದವು. ಐದೂ ಮಾತ್ರೆ ಒಂದು ಸಣ್ಣ ಕವರಿನೊಳಗೆ ಕೂರುತ್ತವೆ. ಮದುವೆ ಆಮಂತ್ರಣಕ್ಕೆ ಬೇಕಾಗುವಷ್ಟು ದೊಡ್ಡ ಕವರೂ ಬೇಡ.

ಈ ಕವರಿನ ಹಿಂದೆ ಎಷ್ಟು ಜನ ಓಡುತ್ತಿದ್ದಾರೆ ನೋಡಿ.

ಮೊದಲು ಓಡಿ ಬಂದವನು ಸತ್ತು ನೂರು ವರ್ಷದ ಮೇಲಾಯಿತು. ಹೆಸರು ಆಂಟನಿ ಕಾಮ್‌ಸ್ಟಾಕ್. 1873ರಲ್ಲಿ, ಅಂದರೆ ಮೈಸೂರಿನಲ್ಲಿ ಇನ್ನೂ ಇಂಗ್ಲಿಷ್ ಕಮಿಷನರು ಆಳುತ್ತಿದ್ದ ಕಾಲದಲ್ಲಿ, ಈತ ಸಂಸತ್ತಿನ ಬೆನ್ನು ಹತ್ತಿ ಒಂದು ಕಾನೂನು ಮಾಡಿಸಿದ. ಅಶ್ಲೀಲ ಪುಸ್ತಕ, ಬಸಿರು ತಡೆಯುವ ಸಾಮಾನು, ಬಸಿರು ತೆಗೆಯುವ ಸಾಮಾನು, ಯಾವುದನ್ನೂ ಅಂಚೆಯಲ್ಲಿ ಕಳಿಸುವಂತಿಲ್ಲ. ಆಮೇಲೆ ಆತನೇ ಅಂಚೆ ಇಲಾಖೆಯ ವಿಶೇಷ ಏಜೆಂಟನಾಗಿ ಊರವರ ಕವರು ಹಿಡಿಯಲು ನಿಂತ. ತಾನು ಶಿಕ್ಷೆ ಕೊಡಿಸಿದವರನ್ನೆಲ್ಲ ಕೂರಿಸಿದರೆ 61 ಬೋಗಿಯ ರೈಲು ತುಂಬುತ್ತದೆ, 60 ಬೋಗಿ ಭರ್ತಿ, ಕೊನೆಯದ್ದು ಮಾತ್ರ ಹೆಚ್ಚೂಕಮ್ಮಿ ಭರ್ತಿ ಅಂತ ಹೇಳಿಕೊಂಡಿದ್ದ. ಕೊನೆಯ ಬೋಗಿಯ ಖಾಲಿ ಸೀಟನ್ನೂ ಎಣಿಸಿಟ್ಟ ಮನುಷ್ಯ ಅಂದರೆ ಎಂಥವನಿರಬೇಕು! ಬಸಿರು ತಡೆಯುವ ಸಾಮಾನಿನ ಮಾತನ್ನು 1971ರಲ್ಲಿ ಆ ಕಾನೂನಿನಿಂದ ತೆಗೆದರು. ಗರ್ಭಪಾತದ ಮಾತು ಇವತ್ತಿಗೂ ಪುಸ್ತಕದಲ್ಲಿದೆ. ಅರ್ಧ ಶತಮಾನ ಯಾರೂ ಅದನ್ನು ಮುಟ್ಟಿರಲಿಲ್ಲ. 2024ರ ಮಾರ್ಚ್‌ನಲ್ಲಿ ಮಾತ್ರೆ ಕೇಸಿನ ವಿಚಾರಣೆ ನಡೆದಾಗ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳೇ ಇಬ್ಬರು ಧೂಳು ಕೊಡವಿ ಅದನ್ನು ಎತ್ತಿಕೊಂಡರು. ವಿಡಿಯೋ ಕಾಲ್‌ನಲ್ಲಿ ಡಾಕ್ಟರು ಚೀಟಿ ಬರೆಯುವ ಕಾಲಕ್ಕೆ, ಟೆಲಿಫೋನೇ ಹುಟ್ಟಿರದ ಕಾಲದ ಕಾನೂನು.

ಆ ಮಾತ್ರೆ ಕೇಸಿನ ಕಥೆ ಇನ್ನೂ ಚೆನ್ನಾಗಿದೆ. ಮಾತ್ರೆ ವಿರೋಧಿಸುವ ವೈದ್ಯರ ಸಂಸ್ಥೆಗಳು ಸೇರಿ ಒಂದು ಒಕ್ಕೂಟ ಮಾಡಿಕೊಂಡವು. 2022ರ ಆಗಸ್ಟ್‌ನಲ್ಲಿ ಅದನ್ನು ಟೆಕ್ಸಸ್‌ನ ಅಮರಿಲ್ಲೊ ಊರಿನಲ್ಲಿ ನೋಂದಣಿ ಮಾಡಿಸಿದರು. ನವೆಂಬರ್‌ನಲ್ಲಿ ಅಲ್ಲೇ ದಾವೆ ಹಾಕಿದರು. ಅಮರಿಲ್ಲೊನೇ ಯಾಕೆ? ಅಲ್ಲಿನ ಫೆಡರಲ್ ಕೋರ್ಟಿಗೆ ಬಂದ ಕೇಸು ಹೆಚ್ಚೂಕಮ್ಮಿ ಎಲ್ಲವೂ ಒಬ್ಬರೇ ನ್ಯಾಯಾಧೀಶರ ಮೇಜಿಗೆ ಹೋಗುತ್ತವೆ, ಮ್ಯಾಥ್ಯೂ ಕಾಜ್ಮರಿಕ್ ಅಂತ. ಹೋಟೆಲಿಗೆ ಹೋಗುವ ಮೊದಲೇ ತಿಂಡಿ ಏನು ಅಂತ ಗೊತ್ತಿದ್ದ ಹಾಗೆ. 2023ರ ಏಪ್ರಿಲ್‌ನಲ್ಲಿ ತಿಂಡಿ ಬಂತು. 2000ದ ಒಪ್ಪಿಗೆಯನ್ನೇ ತಡೆಹಿಡಿಯಬೇಕು ಅಂತ ಅವರು ಆದೇಶ ಬರೆದರು.

ಈ ದಾವೆ ಹಾಕಿದವರಲ್ಲಿ ಕ್ರಿಶ್ಚಿಯನ್ ಮೆಡಿಕಲ್ ಅಂಡ್ ಡೆಂಟಲ್ ಅಸೋಸಿಯೇಷನ್ಸ್ ಅಂತ ಒಂದು ಸಂಸ್ಥೆ. ಅವರ ಮುಖ್ಯ ಕಚೇರಿ ಎಲ್ಲಿದೆ ಗೊತ್ತಾ? ಬ್ರಿಸ್ಟಲ್, ಟೆನೆಸ್ಸಿ. ಅದೇ ಹಿತ್ತಾಳೆ ಬಿಲ್ಲೆಯ ಊರು! ಎದುರುಗಡೆ ರಾಜ್ಯದ ಕ್ಲಿನಿಕ್ಕನ್ನು ಏನೂ ಮಾಡಲಾಗದೆ, ಸಾವಿರಕ್ಕೂ ಜಾಸ್ತಿ ಮೈಲಿ ದೂರದ ಅಮರಿಲ್ಲೊಗೆ ಹೋಗಿ ನ್ಯಾಯ ಕೇಳಿದ್ದಾರೆ. ಬಸಿರಿನ ವಿಷಯಕ್ಕೆ ಹಲ್ಲಿನ ಡಾಕ್ಟರು ಯಾಕೆ ಅಂತ ನನಗೂ ಮೊದಲು ಅನಿಸಿತ್ತು. ಆಮೇಲೆ ಓದಿದೆ, ಮಿಸೊಪ್ರೊಸ್ಟಾಲ್ ಮಾತ್ರೆಯನ್ನು ದವಡೆ ಪಕ್ಕ ಕೆನ್ನೆಯೊಳಗೆ ಇಟ್ಟುಕೊಳ್ಳಬೇಕಂತೆ. ಸರಿ, ಅವರ ಹದ್ದಿಗೇ ಬಂತಲ್ಲ.

ದಾವೆ ಹಾಕಬೇಕಾದರೆ ನಿಮಗೇನು ನಷ್ಟ ಅಂತ ತೋರಿಸಬೇಕು. ಮಾತ್ರೆ ತಿನ್ನುವುದು ಇನ್ನಾರೋ, ಬರೆದುಕೊಡುವುದು ಇನ್ನಾರೋ. ಈ ಡಾಕ್ಟರುಗಳಿಗೇನು ನಷ್ಟ? ಮೇಲ್ಮನವಿ ಕೋರ್ಟಿನ ನ್ಯಾಯಾಧೀಶ ಜೇಮ್ಸ್ ಹೋ 2023ರ ಆಗಸ್ಟ್‌ನಲ್ಲಿ ಉತ್ತರ ಹುಡುಕಿಕೊಟ್ಟರು. ಸೌಂದರ್ಯ ನಷ್ಟ! ಕಾಡುಪ್ರಾಣಿಗಳನ್ನು ನೋಡಿ ಖುಷಿಪಡುವವರು, ಆ ಪ್ರಾಣಿಗೆ ಅಪಾಯ ಬಂದಾಗ ಕೋರ್ಟಿಗೆ ಹೋಗಬಹುದು ಅಂತ ಹಳೆಯ ತೀರ್ಪುಗಳಿವೆ. ಹಾಗೇ ಹೊಟ್ಟೆಯೊಳಗಿನ ಮಗುವನ್ನು ನೋಡಿ ಡಾಕ್ಟರು ಖುಷಿಪಡುತ್ತಾರೆ, ಆ ಖುಷಿಗೆ ಕುತ್ತು ಬಂದರೆ ಅದೂ ನಷ್ಟವೇ ಅಂತ ಬರೆದರು. ಅಂದರೆ ಬಸುರಿ ಹೆಂಗಸು ಅಭಯಾರಣ್ಯ, ಡಾಕ್ಟರು ಸಫಾರಿಗೆ ಬಂದವರು. ಕಾಡಿಗೆ ಏನು ಬೇಕು ಅಂತ ಸಫಾರಿಯಲ್ಲಿ ಯಾರೂ ಕೇಳುವುದಿಲ್ಲ ಬಿಡಿ. 2024ರ ಜೂನ್ 13ರಂದು ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಒಟ್ಟಾಗಿ, ನಿಮಗೆ ದಾವೆ ಹಾಕುವ ಹಕ್ಕೇ ಇಲ್ಲ ಅಂತ ಮನೆಗೆ ಕಳಿಸಿದರು.

ಅಷ್ಟರಲ್ಲಿ ಲೂಸಿಯಾನ ಬೇರೆ ದಾರಿ ಹಿಡಿದಿತ್ತು. 2024ರ ಅಕ್ಟೋಬರ್ 1ರಿಂದ ಈ ಎರಡೂ ಮಾತ್ರೆಗಳನ್ನು ಚಟ ಹಿಡಿಸುವ ಔಷಧಗಳ ಪಟ್ಟಿಗೆ ಸೇರಿಸಿತು, ಆತಂಕಕ್ಕೆ ಕೊಡುವ ವೇಲಿಯಂ ಮಾತ್ರೆಯ ಪಕ್ಕದಲ್ಲಿ. ಚೀಟಿ ಇಲ್ಲದೆ ಇಟ್ಟುಕೊಂಡರೆ ಐದು ವರ್ಷದವರೆಗೆ ಜೈಲು. ಬಸುರಿ ತನಗಾಗಿ ಇಟ್ಟುಕೊಂಡರೆ ಮಾತ್ರ ಬಿಟ್ಟಿದ್ದಾರೆ. ಮಿಸೊಪ್ರೊಸ್ಟಾಲ್ ಹುಟ್ಟಿದ್ದು ಹೊಟ್ಟೆಯ ಹುಣ್ಣಿಗೆ. ಅದನ್ನು ಚಟಕ್ಕೆ ತಿಂದವರನ್ನು ನಾನಂತೂ ಕೇಳಿಲ್ಲ. ಹೆರಿಗೆ ವಾರ್ಡಿನಲ್ಲಿ ಮಾತ್ರ ಅದು ಬೇಕೇ ಬೇಕು. ಹೆರಿಗೆ ಆದ ಮೇಲೆ ರಕ್ತ ನಿಲ್ಲದಿದ್ದರೆ ಕೊಡುವ ಔಷಧಗಳಲ್ಲಿ ಅದೂ ಒಂದು, ಅದಕ್ಕೆ ಮಂಚದ ಪಕ್ಕದ ಗಾಡಿಯಲ್ಲೇ ಕೈಗೆ ಸಿಗುವಂತೆ ಇಡುತ್ತಿದ್ದರು. ಪಟ್ಟಿಗೆ ಸೇರಿದ ಮೇಲೆ ಬೀಗದ ಕಪಾಟಿಗೆ ಹೋಯಿತು. ಕೆಲವು ಕಡೆ ಆಸ್ಪತ್ರೆಯವರು ಗಡಿಯಾರ ಹಿಡಿದುಕೊಂಡು ಓಡುವ ಪ್ರಾಕ್ಟೀಸ್ ಮಾಡಿದರು. ವಾರ್ಡಿನಿಂದ ಕಪಾಟಿಗೆ ಓಡು, ಬೀಗ ತೆಗೆ, ತಿರುಗಿ ಓಡಿ ಬಾ, ಎಷ್ಟು ಹೊತ್ತಾಯಿತು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ. ಇಲ್ಲಿ ಎಮ್ಮೆ ಆಗಷ್ಟೇ ಕರು ಹಾಕಿ ಮಲಗಿತ್ತು.

ಮಿಫೆಪ್ರಿಸ್ಟೋನ್ ಕಥೆ ಇದಕ್ಕಿಂತ ವಿಚಿತ್ರ. ಅದೇ ಮಾತ್ರೆಯನ್ನು 2012ರಿಂದ ಕುಶಿಂಗ್ಸ್ ಅನ್ನೋ ಹಾರ್ಮೋನ್ ಕಾಯಿಲೆಗೆ ಬೇರೆ ಹೆಸರಿನಲ್ಲಿ ಮಾರುತ್ತಾರೆ. ಅದು 300 ಮಿಲಿಗ್ರಾಂ, ದಿನಾ ತೆಗೆದುಕೊಳ್ಳಬೇಕು, ತಿಂಗಳುಗಟ್ಟಲೆ. ಅದಕ್ಕೆ ಎಫ್‌ಡಿಎ ವಿಶೇಷ ನಿಯಮ ಏನೂ ಹಾಕಿಲ್ಲ. ಗರ್ಭಪಾತಕ್ಕೆ ಅಂತ ಒಂದೇ ಒಂದು ಸಲ 200 ಮಿಲಿಗ್ರಾಂ ಕೊಡುವುದಾದರೆ ಡಾಕ್ಟರು ಮೊದಲೇ ಪ್ರಮಾಣಪತ್ರ ತುಂಬಿರಬೇಕು, ಹೆಂಗಸು ಒಪ್ಪಂದಕ್ಕೆ ಸಹಿ ಹಾಕಬೇಕು. ಅಪಾಯ ಮಾತ್ರೆಯಲ್ಲಿಲ್ಲ ಅಂತಾಯಿತು. ತಿನ್ನುವವಳ ಉದ್ದೇಶದಲ್ಲಿದೆ.

ಇಷ್ಟೆಲ್ಲ ಓಡಾಟದ ಫಲ ಏನು ಅಂತ ಕೇಳಬಹುದು. ಹೇಳುತ್ತೇನೆ, ನಗಬೇಡಿ. ಡಾಬ್ಸ್ ತೀರ್ಪಿಗೂ ಮೊದಲಿಂದ ಏಡ್ ಆಕ್ಸೆಸ್ ಅನ್ನೋ ಸಂಸ್ಥೆ ಇದೆ. ನಡೆಸುವವರು ನೆದರ್ಲೆಂಡ್ಸ್‌ನ ವೈದ್ಯೆ ರೆಬೆಕಾ ಗೊಂಪರ್ಟ್ಸ್. ನಿರ್ಬಂಧ ಇದ್ದ ರಾಜ್ಯಗಳ ಹೆಂಗಸರಿಗೆ ಯುರೋಪಿನಿಂದ ಚೀಟಿ, ಭಾರತದ ಔಷಧ ಅಂಗಡಿಯಿಂದ ಪಾರ್ಸೆಲ್ಲು. ಸಮುದ್ರ ದಾಟಿ ಕವರು ಬರಲು ವಾರಗಟ್ಟಲೆ ಬೇಕು. ಬಸಿರು ಕಾಯುತ್ತಾ ಕೂರುವುದಿಲ್ಲ. ನಿಷೇಧ ಬಂತಲ್ಲ, ಆಮೇಲೆ ಮ್ಯಾಸಚೂಸೆಟ್ಸ್, ನ್ಯೂಯಾರ್ಕ್‌ನಂಥ ರಾಜ್ಯಗಳು ಸಿಟ್ಟಿಗೆದ್ದು ತಮ್ಮ ಡಾಕ್ಟರುಗಳಿಗೆ ರಕ್ಷಣೆಯ ಕಾನೂನು ಮಾಡಿದವು. 2023ರಿಂದ ಅಲ್ಲಿನ ಡಾಕ್ಟರುಗಳೇ ನೇರವಾಗಿ ಟೆಕ್ಸಸ್‌ಗೆ, ಟೆನೆಸ್ಸಿಗೆ ಅಂಚೆ ಹಾಕತೊಡಗಿದರು. ಕವರು ನಾಲ್ಕೈದು ದಿನಕ್ಕೆ ಮನೆಬಾಗಿಲಿಗೆ. ನಿಷೇಧದಿಂದ ಡೆಲಿವರಿ ಸ್ಪೀಡಾಯಿತು! ದೇಶದ ಒಟ್ಟು ಗರ್ಭಪಾತದ ಸಂಖ್ಯೆ 2023ರಲ್ಲಿ ಹತ್ತು ಲಕ್ಷ ದಾಟಿತು. 2024ರ ಕೊನೆಗೆ ನಾಲ್ಕರಲ್ಲಿ ಒಂದು ಫೋನು, ಕಂಪ್ಯೂಟರಿನ ಮೂಲಕವೇ ಆಗುತ್ತಿತ್ತು.

ಲೂಸಿಯಾನ ನ್ಯೂಯಾರ್ಕಿನ ಒಬ್ಬ ವೈದ್ಯೆಯ ಮೇಲೆ ಕ್ರಿಮಿನಲ್ ಕೇಸು ಹಾಕಿ, ಹಿಡಿದು ಕಳಿಸಿ ಅಂತ ಕೇಳಿತು. ನ್ಯೂಯಾರ್ಕಿನ ಗವರ್ನರ್ ಕ್ಯಾಥಿ ಹೋಕುಲ್ ಆಗಲ್ಲ ಅಂದರು. ಅಷ್ಟೇ ಅಲ್ಲ, 2025ರ ಫೆಬ್ರವರಿಯಲ್ಲಿ ಇನ್ನೊಂದು ಕಾನೂನಿಗೆ ಸಹಿ ಹಾಕಿದರು. ಇನ್ನು ಮೇಲೆ ಮಾತ್ರೆ ಡಬ್ಬಿಯ ಚೀಟಿಯಲ್ಲಿ ಡಾಕ್ಟರ ಹೆಸರೇ ಬೇಡ, ಕ್ಲಿನಿಕ್ಕಿನ ಹೆಸರು ಸಾಕು. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ. ಟೆಕ್ಸಸ್ ಕೋರ್ಟು ಅದೇ ವೈದ್ಯೆಗೆ ಲಕ್ಷ ಡಾಲರಿಗೂ ಮೇಲ್ಪಟ್ಟು ದಂಡ ಹಾಕಿತು. ವಸೂಲಿಗೆ ಕಳಿಸಿದ ಕಾಗದವನ್ನು ನ್ಯೂಯಾರ್ಕಿನ ಅಲ್ಸ್ಟರ್ ಕೌಂಟಿಯ ದಾಖಲೆ ಕಚೇರಿ ತೆಗೆದುಕೊಳ್ಳಲೇ ಇಲ್ಲ, ಎರಡೆರಡು ಸಲ.

ಸರ್ಕಾರದ ಕೈಯಲ್ಲಿ ಆಗದ್ದನ್ನು ಟೆಕ್ಸಸ್ ಈಗ ಜನರಿಗೆ ಗುತ್ತಿಗೆ ಕೊಟ್ಟಿದೆ. 2025ರ ಡಿಸೆಂಬರ್‌ನಿಂದ ಮಾತ್ರೆ ಮಾಡಿದವರು, ಕಳಿಸಿದವರು ಯಾರ ಮೇಲೆ ಬೇಕಾದರೂ ಯಾರು ಬೇಕಾದರೂ ದಾವೆ ಹಾಕಬಹುದು. ಗೆದ್ದರೆ ಕನಿಷ್ಠ ಒಂದು ಲಕ್ಷ ಡಾಲರ್. ಸಂಬಂಧಿಕರಾದರೆ ಪೂರ್ತಿ ದುಡ್ಡು. ಸಂಬಂಧವೇ ಇಲ್ಲದ ದಾರಿಹೋಕನಾದರೆ ಹತ್ತು ಪರ್ಸೆಂಟ್, ಉಳಿದದ್ದು ದಾನಧರ್ಮಕ್ಕೆ. ಪರ್ಸೆಂಟೇಜಿನ ಲೆಕ್ಕವನ್ನು ಕಾನೂನಿನಲ್ಲೇ ಬರೆದಿಟ್ಟ ಪ್ರಾಮಾಣಿಕತೆಯನ್ನು ಮೆಚ್ಚಬೇಕು. ನಮ್ಮಲ್ಲಿ ಇನ್ನೂ ಮೇಜಿನ ಕೆಳಗೇ ನಡೆಯುತ್ತಿದೆ.

ಹೆಂಗಸಿಗೆ ಶಿಕ್ಷೆ ಇಲ್ಲ, ನಮ್ಮ ಗುರಿ ಡಾಕ್ಟರು, ವ್ಯಾಪಾರಿ ಅಂತ ಟೆಕ್ಸಸ್ ಮೊದಲಿನಿಂದಲೂ ಹೇಳುತ್ತಿದೆ. 2022ರ ಏಪ್ರಿಲ್‌ನಲ್ಲಿ, ಡಾಬ್ಸ್ ತೀರ್ಪಿಗೂ ಮುಂಚೆ, ಅದೇ ರಾಜ್ಯದ ಸ್ಟಾರ್ ಕೌಂಟಿಯಲ್ಲಿ ಒಬ್ಬ ಯುವತಿ ತಾನೇ ಬಸಿರು ತೆಗೆದುಕೊಂಡಳು ಅಂತ ಕೊಲೆ ಕೇಸು ಹಾಕಿ ಜೈಲಿಗೆ ಕಳಿಸಿದರು. ಜಾಮೀನು ಐದು ಲಕ್ಷ ಡಾಲರ್. ಕೆಲವೇ ದಿನಕ್ಕೆ ಯಾರೋ ಕಾನೂನು ಪುಸ್ತಕ ತೆಗೆದು ಓದಿರಬೇಕು. ಹೆಂಗಸಿನ ಮೇಲೆ ಇಂಥ ಕೇಸು ಹಾಕುವ ಹಾಗೇ ಇಲ್ಲ ಅಂತ ತಿಳಿದು ವಾಪಸ್ ತೆಗೆದುಕೊಂಡರು. ಕೇಸು ಹಾಕಿಸಿದ ಸರ್ಕಾರಿ ವಕೀಲರಿಗೆ 2024ರಲ್ಲಿ ವಕೀಲರ ಪರಿಷತ್ತು ದಂಡ ಹಾಕಿತು. 1,250 ಡಾಲರ್. ಅವಳ ಜಾಮೀನಿನ ಮುಂದೆ ಇದು ಪಾರ್ಕಿಂಗ್ ದಂಡದ ಹಾಗೆ.

ಬ್ರಿಸ್ಟಲ್‌ನಲ್ಲಿ ನಾನು ಹಾಗೇ ಕಾಲು ಅಗಲಿಸಿ ನಿಂತಿದ್ದಾಗ ಹಿಂದಿನಿಂದ ಹಾರ್ನ್ ಕೇಳಿಸಿತು. ತಿರುಗಿ ನೋಡಿದರೆ ಅಂಚೆ ಗಾಡಿ, ವರ್ಜೀನಿಯಾ ಕಡೆಯಿಂದ ಬಂದು ತಿರುವಿನಲ್ಲಿ ನಿಂತಿತ್ತು. ಸಾರಿ ಅಂತ ಕೈ ಎತ್ತಿ ಪಕ್ಕಕ್ಕೆ ಸರಿದೆ. ಡ್ರೈವರಮ್ಮ ನಕ್ಕು ಗೇರ್ ಹಾಕಿದರು. ಹಿತ್ತಾಳೆ ಬಿಲ್ಲೆಯ ಮೇಲೆ ಮೊದಲು ಮುಂದಿನ ಚಕ್ರ ಹತ್ತಿತು, ಆಮೇಲೆ ಹಿಂದಿನದು. ಗಾಡಿ ಟೆನೆಸ್ಸಿಯೊಳಗೆ ಹೋಯಿತು.