ಹೊಗೆಬಂಡಿಗೆ ನೀರು ಕುಡಿಸುವ ಟೈಮ್‌ಟೇಬಲ್

ರೈಲುಪ್ರಿಯರಿಗಾಗಿ ಉಗಿಬಂಡಿ ಪ್ರವಾಸಕ್ಕೆ ಯೋಜನೆ ಹಾಕಲು ಕೂತವರು ಮೊದಲು ಬಿಡಿಸುವ ನಕ್ಷೆಯಲ್ಲಿ ಕಣಿವೆ, ಸೇತುವೆ, ಸುರಂಗ ಎಲ್ಲ ಇರುತ್ತವೆ. ನೀರಿನ ನಲ್ಲಿ ಇರುವುದಿಲ್ಲ. ಬುದ್ಧಿ ಬಂದ ಮೇಲೆ ಬಿಡಿಸುವ ಎರಡನೆಯ ನಕ್ಷೆಯಲ್ಲಿ ನಲ್ಲಿಗಳು ಬಿಟ್ಟು ಬೇರೇನೂ ಇರುವುದಿಲ್ಲ.

ಲೆಕ್ಕ ಸರಳ. ಎಕ್ಸ್‌ಪ್ರೆಸ್ ಎಳೆಯಲೆಂದೇ ಕಟ್ಟಿದ ದೊಡ್ಡ ಎಂಜಿನ್ನು ಹತ್ತು ಡಬ್ಬಿ ಕಟ್ಟಿಕೊಂಡು ಓಡುವಾಗ ಕಿಲೋಮೀಟರಿಗೆ 110ರಿಂದ 130 ಲೀಟರ್ ನೀರು ಕುಡಿಯುತ್ತದೆ. ನೀರು, ಕಲ್ಲಿದ್ದಲು ಹೊತ್ತು ಎಂಜಿನ್ನಿನ ಬೆನ್ನಿಗೇ ಬರುವ ಗಾಡಿಗೆ ಟೆಂಡರ್ ಎನ್ನುತ್ತಾರೆ; ಅದರಲ್ಲಿ ಹಿಡಿಯುವುದು ಸುಮಾರು 22,000 ಲೀಟರ್. ಭಾಗಿಸಿದರೆ 180 ಕಿಲೋಮೀಟರ್ ಚಿಲ್ಲರೆ ಬರುತ್ತದೆ. ಈ ಭಾಗಾಕಾರವನ್ನು ನಂಬಿ ಹೊರಟವರಿಗೆ 160ನೇ ಕಿಲೋಮೀಟರಿನಲ್ಲಿ ಒಂದು ಕೆಂಪು ಸಿಗ್ನಲ್ ಕಾದಿರುತ್ತದೆ. ನಿಂತ ಎಂಜಿನ್ ನೀರು ಕುಡಿಯುವುದಿಲ್ಲ ಎಂದುಕೊಳ್ಳಬೇಡಿ. ಬೆಂಕಿ ಉರಿಯುತ್ತಲೇ ಇರುತ್ತದೆ, ಒತ್ತಡ ಏರಿ ಸೇಫ್ಟಿ ವಾಲ್ವ್ ಭೋರೆಂದು ಉಗಿ ಚೆಲ್ಲುತ್ತದೆ, ಚೆಲ್ಲಿದ್ದನ್ನು ತುಂಬಲು ಮತ್ತೆ ಟೆಂಡರಿನ ನೀರೇ ಬೇಕು. ಬಾಯ್ಲರಿನಲ್ಲಿ ನೀರು ಇಳಿದು ಬೆಂಕಿ ಉರಿಯುವ ಪೆಟ್ಟಿಗೆಯಾದ ಫೈರ್‌ಬಾಕ್ಸಿನ ನೆತ್ತಿ ಬರಿದಾದರೆ ಅಲ್ಲಿ ಕೂರಿಸಿರುವ ಸೀಸದ ಬಿರಡೆ 327 ಡಿಗ್ರಿಯಲ್ಲಿ ಕರಗಿ, ಉಗಿ ಬೆಂಕಿಯ ಮೇಲೇ ನುಗ್ಗುತ್ತದೆ. ಬಾಯ್ಲರ್ ಉಳಿಯಬಹುದು, ಪ್ರವಾಸ ಅಲ್ಲಿಗೆ ಮುಗಿಯಿತು. ಆದ್ದರಿಂದ 130 ಕಿಲೋಮೀಟರಿಗೊಂದು ನೀರಿನ ನಿಲುಗಡೆ ಹಾಕಿ. ದಾರಿ ಏರು ಇದ್ದರೆ ಇನ್ನೂ ಮುಂಚೆ.

ನೀರು ಸಿಗುವುದೇ ಬೇರೆ, ನೀರು ತುಂಬುವುದೇ ಬೇರೆ. ನಿಲ್ದಾಣದವರು ಫೋನಿನಲ್ಲಿ "ನೀರಿದೆ, ಬನ್ನಿ" ಎನ್ನುತ್ತಾರೆ. ಹೋಗಿ ನೋಡಿದರೆ ಪ್ಲಾಟ್‌ಫಾರ್ಮಿನ ಗಿಡಗಳಿಗೆ ನೀರು ಹಾಯಿಸುವ ನಲ್ಲಿ. ಅದರಲ್ಲಿ ನಿಮಿಷಕ್ಕೆ 20 ಲೀಟರ್ ಬಂದರೆ 20,000 ಲೀಟರ್ ತುಂಬಲು ಹದಿನಾರು ಗಂಟೆ ನಲವತ್ತು ನಿಮಿಷ ಬೇಕು. ಹಾಗಾಗಿ "ನೀರಿದೆಯಾ" ಎಂದು ಕೇಳಬೇಡಿ, "ನಿಮಿಷಕ್ಕೆ ಎಷ್ಟು ಲೀಟರ್" ಎಂದು ಕೇಳಿ. ಬೆಂಕಿ ಆರಿಸುವ ಹೈಡ್ರೆಂಟಿನಿಂದ ನಿಮಿಷಕ್ಕೆ ಸಾವಿರ ಲೀಟರ್ ಬಂದರೆ ಕೆಲಸ ಇಪ್ಪತ್ತು ನಿಮಿಷದ್ದು. ಟೈಮ್‌ಟೇಬಲಿನಲ್ಲಿ ಮಾತ್ರ ನಲವತ್ತು ಎಂದೇ ಬರೆದಿಡಿ. ಉಳಿದ ಇಪ್ಪತ್ತು ನಿಮಿಷ ಪೈಪಿನ ಬಾಯಿಗೂ ಹೈಡ್ರೆಂಟಿನ ಬಾಯಿಗೂ ಸಂಬಂಧ ಕುದುರಿಸಲು. ಇವೆರಡರ ಅಳತೆ ಹೊಂದಿದ ದಾಖಲೆ ಅಪರೂಪ. ಜೋಡಣೆಯ ತುಂಡುಗಳನ್ನು ಒಂದು ಪೆಟ್ಟಿಗೆ ತುಂಬ ಒಯ್ಯಿರಿ.

ಮೇಲೆ ವಿದ್ಯುತ್ ತಂತಿ ಇರುವ ಹಳಿಯಲ್ಲಿ ನೀರಿಗೆ ನಿಲ್ಲಿಸಬೇಡಿ. ಟೆಂಡರ್ ಹತ್ತದೆ ಮುಚ್ಚಳ ತೆಗೆಯಲಾಗದು, ಹತ್ತಿದರೆ ತಲೆಯ ಮೇಲೆ 25,000 ವೋಲ್ಟ್. ಇಡೀ ಲೈನೇ ತಂತಿಯಡಿಯಲ್ಲಿದ್ದರೆ ತಂತಿಯಿಲ್ಲದ ಪಕ್ಕದ ಹಳಿ (ಸೈಡಿಂಗ್) ಎಲ್ಲಿದೆ ಎಂದು ಮೊದಲೇ ಹುಡುಕಿಡಬೇಕು. ಇನ್ನು ಬಿಸಿಲಲ್ಲಿ ಬೆಳಗಿನಿಂದ ಕಾದು ನಿಂತ ಟ್ಯಾಂಕರಿನ ನೀರು. ಉಗಿ ಎಂಜಿನ್ನಿಗೆ ಬೆಚ್ಚಗಿನ ನೀರು ಇನ್ನೂ ಒಳ್ಳೆಯದಲ್ಲವೇ ಎಂದು ಯಾರಿಗಾದರೂ ಅನಿಸೀತು. ಇಂಜೆಕ್ಟರಿಗೆ ಹಾಗನಿಸುವುದಿಲ್ಲ. ಅದು ಉಗಿಯನ್ನು ತಣ್ಣೀರಿನಲ್ಲಿ ತಣಿಸಿ, ಆ ರಭಸದಲ್ಲೇ ನೀರನ್ನು ಬಾಯ್ಲರಿಗೆ ತಳ್ಳುವ ಸಾಧನ. ನೀರು ಬೆಚ್ಚಗಿದ್ದರೆ ಉಗಿ ತಣಿಯದು, ಇಂಜೆಕ್ಟರ್ ಗೊಳಗೊಳ ಎಂದು ನೆಲಕ್ಕೆ ಉಗಿಯುತ್ತ ಮುಷ್ಕರ ಹೂಡುತ್ತದೆ.

ಹಿಂದಿನವರಿಗೆ ಈ ತಾಪತ್ರಯ ಇರಲಿಲ್ಲ. ಜಾನ್ ರ್‍ಯಾಮ್ಸ್‌ಬಾಟಮ್ ಎಂಬ ಎಂಜಿನಿಯರ್ 1860ರಲ್ಲೇ ವೇಲ್ಸಿನಲ್ಲಿ ಹಳಿಗಳ ನಡುವೆ ಉದ್ದನೆಯ ತೊಟ್ಟಿ ಹಾಕಿಸಿ, ಓಡುವ ಎಂಜಿನ್ ಚಮಚದಿಂದ ನೀರು ಮೊಗೆದುಕೊಳ್ಳುವ ಏರ್ಪಾಡು ಮಾಡಿದ. ಮೊದಲ ಡಬ್ಬಿಯಲ್ಲಿ ಕಿಟಕಿ ತೆರೆದು ಕೂತವರಿಗೆ ಸ್ನಾನವೂ ಆಗುತ್ತಿತ್ತು. ತೊಟ್ಟಿಗಳು ಮಾಯವಾಗುವ ಕಾಲ ಬಂದಾಗ, 1966ರಲ್ಲಿ, ಬ್ರಿಟನ್ನಿನ 'ಫ್ಲೈಯಿಂಗ್ ಸ್ಕಾಟ್ಸ್‌ಮನ್' ಎಂಜಿನ್ನಿಗೆ ಬರೀ ನೀರಿಗೆಂದೇ ಎರಡನೇ ಟೆಂಡರ್ ಕಟ್ಟಿದರು. ಎಷ್ಟು ಹೆಸರುವಾಸಿಯಾದರೂ ದಾಹ ತಪ್ಪಿದ್ದಲ್ಲ.

ನೀರಿನ ಗಂಡಾಂತರ ದಾಟಿದವರಿಗೆ ಬೆಂಕಿಯದ್ದು ಕಾದಿದೆ. ಬೆಳಿಗ್ಗೆ ಎಂಟಕ್ಕೆ ರೈಲು ಎಂದರೆ ಪ್ರಯಾಣಿಕರು ಏಳೂವರೆಗೆ ಬರುತ್ತಾರೆ. ಎಂಜಿನ್ನಿಗೆ ಬೆಂಕಿ ಹಾಕುವವನು ಬರಬೇಕಾದ್ದು ಹಿಂದಿನ ದಿನ. ತಣ್ಣಗಿರುವ ದೊಡ್ಡ ಬಾಯ್ಲರನ್ನು ಗಡಿಬಿಡಿಯಲ್ಲಿ ಕಾಯಿಸಿದರೆ ತಗಡುಗಳು ಒಂದೊಂದು ಕಡೆ ಒಂದೊಂದು ಪ್ರಮಾಣದಲ್ಲಿ ಹಿಗ್ಗಿ ಕೊಳವೆ, ತಗಡುಗಳನ್ನು ಬಿಗಿಹಿಡಿಯುವ ಸ್ಟೇ ಬೋಲ್ಟುಗಳ ಬುಡದಲ್ಲಿ ಸೋರಲು ಶುರುವಾಗುತ್ತದೆ. ಸಣ್ಣ ಉರಿಯಲ್ಲಿ ರಾತ್ರಿಯಿಡೀ ಬೆಚ್ಚಗಾಗಿಸಿ, ಬೆಳಗಿನ ಜಾವ ಉರಿ ಹೆಚ್ಚಿಸಬೇಕು. ಮೊದಲ ರಾತ್ರಿ ಈ ಕೆಲಸಕ್ಕೆ ಸ್ವಯಂಸೇವಕರು ನಾ ಮುಂದು ತಾ ಮುಂದು ಎನ್ನುತ್ತಾರೆ. ಮೂರನೆಯ ರಾತ್ರಿ ಅದೇ ಸ್ವಯಂಸೇವಕರ ಫೋನುಗಳು ಸ್ವಿಚ್ಡ್ ಆಫ್. ಆದ್ದರಿಂದ ಬೆಂಕಿ ಕಾಯಲು ಇಬ್ಬರನ್ನಾದರೂ ಪಾಳಿಯಲ್ಲಿ ಹಾಕಿ, ಅವರು ಹಗಲು ಮಲಗಲು ಎಂಜಿನ್ನಿನಿಂದ ದೂರದ ಡಬ್ಬಿಯಲ್ಲಿ ಜಾಗ ಕೊಡಿ. ಸೀಟಿಯ ಕೆಳಗೆ ಮಲಗಿ ಎದ್ದವನ ಕೈಗೆ ಸಲಿಕೆ ಕೊಡುವುದು ಕ್ಷೇಮವಲ್ಲ.

ಬಹುದಿನಗಳ ಪ್ರವಾಸದಲ್ಲಿ ಕೆಡುವುದೆಲ್ಲ ಕೆಡುವುದು ಈ ಮೂರನೆಯ ದಿನವೇ. ದಿನಕ್ಕೆ 300 ಕಿಲೋಮೀಟರ್ ಓಡಿದರೆ ಸುಮಾರು ನಾಲ್ಕು ಟನ್ ಕಲ್ಲಿದ್ದಲು ಬೇಕು, ಸಲಿಕೆಗೆ ಆರು ಕಿಲೋ ಹಿಡಿದರೂ ಆರುನೂರಕ್ಕೂ ಹೆಚ್ಚು ಸಲ ಎತ್ತಿ ಹಾಕುವ ಕೆಲಸ. ಅಗ್ಗಕ್ಕೆ ಸಿಕ್ಕಿತೆಂದು ಕಳಪೆ ಕಲ್ಲಿದ್ದಲು ತಂದರೆ ಅದರ ಬೂದಿ ಕರಗಿ ಕಿಟ್ಟವಾಗಿ ಜಾಲರಿಯ ಕಂಡಿಗಳನ್ನು ಮುಚ್ಚುತ್ತದೆ, ಗಾಳಿ ಸಾಲದೆ ಬೆಂಕಿ ಮಂಕಾಗುತ್ತದೆ. "ಇವತ್ತು ರಾತ್ರಿಯಾಯಿತು, ಬೂದಿಯನ್ನು ನಾಳೆ ತೆಗೆಯೋಣ" ಎಂದು ಮೊದಲೆರಡು ದಿನ ಮುಂದೂಡಿದ್ದೆಲ್ಲ ಮೂರನೆಯ ದಿನ, ಅದೂ ಏರು ದಾರಿಯ ನಡುವೆ, ಬಾಕಿ ವಸೂಲಿಗೆ ಬರುತ್ತದೆ. ನಾಲ್ಕನೆಯ ದಿನವನ್ನು "ವಿಶ್ರಾಂತಿ, ಊರು ಸುತ್ತಾಟ" ಎಂದು ಖಾಲಿ ಬಿಡಿ. ಪ್ರಯಾಣಿಕರು ಊರು ಸುತ್ತಲಿ. ಎಂಜಿನ್ ತಣ್ಣಗಾಗಿ, ಬಾಯ್ಲರ್ ತೊಳೆಸಿಕೊಂಡು, ಚಿಮಣಿಯ ಕೆಳಗೆ ಬೂದಿ ಕೂರುವ ಹೊಗೆಪೆಟ್ಟಿಗೆ ಖಾಲಿ ಮಾಡಿಸಿಕೊಳ್ಳಲಿ. ನಿಜ ಹೇಳಬೇಕೆಂದರೆ ಪ್ರಯಾಣಿಕರಲ್ಲಿ ಅರ್ಧ ಜನ ಊರಿಗೆ ಹೋಗದೆ ಶೆಡ್ಡಿನಲ್ಲಿ ನಿಂತು ಬಾಯ್ಲರ್ ತೊಳೆಯುವುದನ್ನೇ ನೋಡುತ್ತಾರೆ.

ಬೇರಿಂಗ್ ಬಿಸಿಯೇರುವುದೂ ದೂರದ ಓಟದ ರೋಗ. ಪ್ರತಿ ನಿಲುಗಡೆಯಲ್ಲೂ ಚಕ್ರದ ಅಚ್ಚಿನ ಬೇರಿಂಗ್ ಇರುವ ಆಕ್ಸಲ್ ಬಾಕ್ಸುಗಳ ಬಳಿ ಹಿಂಗೈ ಹಿಡಿದು ಬಿಸಿ ನೋಡುವುದು ಹಳೆಯ ಪದ್ಧತಿ. ಇದಕ್ಕಿಂತ ಸೊಗಸಾದ ಉಪಾಯ ಬ್ರಿಟನ್ನಿನ 'ಮ್ಯಾಲಾರ್ಡ್' ಎಂಜಿನ್ನಿನಲ್ಲಿತ್ತು. ನಡುವಿನ ಸಿಲಿಂಡರಿನ ಬೇರಿಂಗ್ ಕಾದರೆ ಸೋಂಪಿನ ವಾಸನೆ ಬರುವಂತೆ ಒಂದು ಕುಪ್ಪಿ ಇಟ್ಟಿದ್ದರು. 1938ರ ಜುಲೈ 3ರಂದು ಗಂಟೆಗೆ 203 ಕಿಲೋಮೀಟರ್ ವೇಗದ ದಾಖಲೆ ಮಾಡಿದ ಓಟದಲ್ಲೇ ಆ ಬೇರಿಂಗ್ ಕಾದು ಕೆಟ್ಟಿತು. ವಿಶ್ವದಾಖಲೆಯ ಎಂಜಿನ್ ಪೀಟರ್‌ಬರೋ ತನಕ ನಿಧಾನಕ್ಕೆ ಸಾಗಿ ಅಲ್ಲೇ ಉಳಿಯಿತು. ಡಬ್ಬಿಗಳನ್ನು ಲಂಡನ್ನಿಗೆ ಮುಟ್ಟಿಸಿದ್ದು ಇನ್ನೊಂದು ಹಳೆಯ ಎಂಜಿನ್.

ಇಷ್ಟೆಲ್ಲ ಯಂತ್ರದ ಕಷ್ಟ. ಮನುಷ್ಯರದ್ದು ಹೊಗೆಯಿಂದ ಶುರು. ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ ಎಂಬ ಗಾದೆ ಎಲ್ಲರಿಗೂ ಗೊತ್ತು. ಒಳ್ಳೆಯ ಬೆಂಕಿ ಹೊಗೆಯಾಡುವುದಿಲ್ಲ ಎಂಬುದು ಎಂಜಿನ್ನಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ನಿಗೆ ಮಾತ್ರ ಗೊತ್ತು. ಕಪ್ಪು ಹೊಗೆಯೆಂದರೆ ಪೂರ್ತಿ ಉರಿಯದೆ ಚಿಮಣಿಯಿಂದ ಹಾರಿಹೋದ ಕಲ್ಲಿದ್ದಲು. ಅದು ಕಾಣದಂತೆ ಓಡಿಸುವುದು ಅವನ ಹೆಮ್ಮೆ. ಆದರೆ ಟಿಕೆಟ್ ಕೊಂಡವರು ಬಂದಿರುವುದೇ ಹೊಗೆಯ ಚಿತ್ರಕ್ಕೆ. ಬೆಳ್ಳಗಿನ ಉಗಿಯಾದರೂ ಕಾಣಲೆಂದರೆ ಗಾಳಿ ತಣ್ಣಗಿರಬೇಕು. ಬೇಸಿಗೆಯ ಮಧ್ಯಾಹ್ನ ಚಿಮಣಿಯಿಂದ ಹೊರಟ ಉಗಿ ಕಣ್ಣಿಗೆ ಬೀಳುವ ಮೊದಲೇ ಗಾಳಿಯಲ್ಲಿ ಕರಗಿರುತ್ತದೆ, ಚಿತ್ರದಲ್ಲಿ ಎಂಜಿನ್ ನಿಂತಂತೆ ಕಾಣುತ್ತದೆ. ಪ್ರವಾಸಕ್ಕೆ ಚಳಿಗಾಲ ಆರಿಸಿ. ಕಡಿದಾದ ಏರುಗಳು ಬೆಳಗಿನ ಒಂಬತ್ತರೊಳಗೆ ಬರುವಂತೆ ನೋಡಿಕೊಳ್ಳಿ. ಏರಿನಲ್ಲಿ ಎಂಜಿನ್ ದುಡಿಯುತ್ತದೆ, ಇಳಿಜಾರಿನಲ್ಲಿ ಸುಮ್ಮನೆ ಜಾರುತ್ತದೆ. ಇಳಿಜಾರಿನ ಉಗಿಬಂಡಿಯ ಚಿತ್ರವನ್ನು ಯಾರೂ ಗೋಡೆಗೆ ಹಾಕುವುದಿಲ್ಲ.

ಎಂಜಿನ್ ಯಾವ ಕಡೆ ಮುಖ ಮಾಡಿದೆ ಎಂಬುದು ಇನ್ನೊಂದು ರಗಳೆ. ಕೊನೆಯ ನಿಲ್ದಾಣದಲ್ಲಿ ಎಂಜಿನ್ನನ್ನು ನಿಲ್ಲಿಸಿ ತಿರುಗಿಸುವ ಟರ್ನ್‌ಟೇಬಲ್ ಇಲ್ಲದಿದ್ದರೆ ವಾಪಸು ಬರುವಾಗ ಟೆಂಡರ್ ಮುಂದು. ಇದ್ದರೂ ಅದರ ಉದ್ದ ಅಳೆದು ನೋಡಿ. ಎಂಜಿನ್ ಒಂದಡಿ ಹೆಚ್ಚಿದ್ದರೂ ಇಲ್ಲದಂತೆಯೇ ಲೆಕ್ಕ. ನೀಲಗಿರಿಯಲ್ಲಿ ತಮಾಷೆ ಬೇರೆ. ಮೆಟ್ಟುಪಾಳ್ಯಂನಿಂದ ಏರುವಾಗ ಎಂಜಿನ್ ಹಿಂದಿನಿಂದ ತಳ್ಳುತ್ತದೆ. ಮುಂದಿನ ಡಬ್ಬಿಯೇ ಬೇಕೆಂದು ಜಗಳವಾಡಿ ಕೂತವರು ಎಂಜಿನ್ನಿನಿಂದ ಅತಿ ದೂರ ಕೂತಿರುತ್ತಾರೆ. ಕೂನೂರಿನಲ್ಲಿ ಇಳಿದು ಓಡಿ ಬಂದು ನೋಡುವಷ್ಟರಲ್ಲಿ ಊಟಿಯ ಕಡೆಗೆ ಡೀಸೆಲ್ ಹತ್ತಿರ ಬರುತ್ತಿರುತ್ತದೆ.

ಇನ್ನು 'ರನ್‌ಪಾಸ್ಟ್'. ಪ್ರಯಾಣಿಕರನ್ನು ಇಳಿಸಿ, ರೈಲನ್ನು ಒಂದು ಕಿಲೋಮೀಟರ್ ಹಿಂದಕ್ಕೆ ಒಯ್ದು, ಅಬ್ಬರಿಸುತ್ತ ಮತ್ತೆ ಅವರ ಮುಂದೆ ಓಡಿಸುವುದು. ಇಡೀ ರೈಲು ಖಾಲಿ ಓಡಲಿ ಎಂದು ದುಡ್ಡು ಕೊಡುವ ಪ್ರಯಾಣಿಕರು ಬೇರೆಲ್ಲೂ ಸಿಗಲಾರರು. ಇದಕ್ಕೆ ಅರ್ಧ ಗಂಟೆ ಇಟ್ಟುಕೊಳ್ಳಿ. ಆ ಹಳಿಯಲ್ಲಿ ಹಿಂದಕ್ಕೆ ಹೋಗಲು ಅನುಮತಿ ಮೊದಲೇ ಪಡೆದಿರಿ. ಸೂರ್ಯ ಯಾವ ಕಡೆ ಇರುತ್ತಾನೆಂದು ಅದೇ ತಿಂಗಳ ಅದೇ ಹೊತ್ತಿಗೆ ಹೋಗಿ ನೋಡಿ ಬನ್ನಿ. ನೆಲದ ಮೇಲೆ ಹಗ್ಗ ಎಳೆದು, ಮುಂದಿನವರು ಕೂತುಕೊಳ್ಳಬೇಕು, ಹಿಂದಿನವರು ನಿಲ್ಲಬೇಕು, ಹಗ್ಗ ಯಾರೂ ದಾಟಬಾರದು ಎಂದು ಹೇಳಿ. ಎಲ್ಲರೂ ತಲೆಯಾಡಿಸುತ್ತಾರೆ. ರೈಲಿನ ಸದ್ದು ಕೇಳಿದ ಕೂಡಲೇ ಕೆಂಪು ಜಾಕೆಟ್ಟಿನವನೊಬ್ಬ ಹಗ್ಗ ದಾಟಿ ಹತ್ತು ಹೆಜ್ಜೆ ಮುಂದೆ ಹೋಗುತ್ತಾನೆ. ಮೂವತ್ತು ಜನ ಅವನಿಗೆ ಬೈಯುತ್ತಾರೆ. ಧ್ವನಿಮುದ್ರಣಕ್ಕೆಂದೇ ಬಂದ ಇಬ್ಬರು ಆ ಮೂವತ್ತು ಜನರಿಗೆ ಬೈಯುತ್ತಾರೆ. ಎಂಜಿನ್ನಿನ ಲಯ ಕೇಳಲು ಮೈಕ್ ಇಟ್ಟವರಿಗೆ ಸಿಕ್ಕಿದ್ದು ಬೈಗುಳದ ಲಯ. ಆಮೇಲೆ "ಇನ್ನೊಂದು ಸಲ" ಎಂಬ ಬೇಡಿಕೆ. ಆ ಇನ್ನೊಂದು ಸಲಕ್ಕೆ ಟೆಂಡರಿನಲ್ಲಿ ನೀರಿದೆಯೇ ಎಂದು ಕೇಳಿಯೇ ಒಪ್ಪಿಕೊಳ್ಳಿ. ನಿಂತ ಎಂಜಿನ್ನಿನ ಚಿತ್ರ ತೆಗೆಯುವವರದು ಬೇರೆ ಹಟ: ಚಕ್ರದ ರಾಡುಗಳು ಕೆಳಗಿರುವ ಸ್ಥಾನದಲ್ಲೇ ನಿಲ್ಲಿಸಬೇಕು. ನೂರಾರು ಟನ್ನಿನ ರೈಲನ್ನು ಒಂದು ಗೇಣು ಮುಂದಕ್ಕೆ, ಅರ್ಧ ಗೇಣು ಹಿಂದಕ್ಕೆ ಸರಿಸುವ ಡ್ರೈವರ್ ಏನು ಗೊಣಗುತ್ತಾನೆಂದು ಉಗಿಯ ಸದ್ದಿನಲ್ಲಿ ಕೇಳಿಸದಿರುವುದೇ ವಾಸಿ.

ಎಲ್ಲರಿಗೂ ಕಣ್ಣಿಗೊಂದು ಮುಚ್ಚುಕನ್ನಡಕ ಹೇಳಿ. ಕಿಟಕಿಯಿಂದ ತಲೆ ಹೊರಹಾಕಬೇಡಿ ಎಂದು ಬೋರ್ಡು ಬರೆದರೂ ಹಾಕುತ್ತಾರೆ, ಕಿಡಿ ನೇರ ಕಣ್ಣಿಗೇ ಬರುತ್ತದೆ. ಬಿಳಿ ಅಂಗಿಯ ವಿಚಾರ ಬರೆಯಬೇಕಿಲ್ಲ, ಮೊದಲ ಸುರಂಗವೇ ಕಲಿಸುತ್ತದೆ.

ಕೊನೆಗೆ ಡೀಸೆಲ್. ಹುಲ್ಲು ಒಣಗಿದ ಕಾಲದಲ್ಲಿ ಚಿಮಣಿಯ ಕಿಡಿಯಿಂದ ಬೆಂಕಿ ಹತ್ತೀತೆಂದು ಉಗಿ ಎಂಜಿನ್ನಿಗೆ ಕೊನೇ ಗಳಿಗೆಯಲ್ಲಿ ತಡೆ ಬೀಳಬಹುದು. ಇಬ್ಬನಿಯ ಹಳಿಯ ಮೇಲೆ ಚಕ್ರ ಜಾರಿ ಏರಿನಲ್ಲಿ ನಿಲ್ಲಬಹುದು. ತಡವಾಗಿ ಸರದಿ ತಪ್ಪಿದರೆ ಎಕ್ಸ್‌ಪ್ರೆಸ್ಸುಗಳೆಲ್ಲ ಹೋಗುವ ತನಕ ಬೇರೆ ರೈಲಿಗೆ ದಾರಿ ಬಿಡುವ ಪಕ್ಕದ ಹಳಿಯಾದ ಲೂಪ್ ಲೈನಿನಲ್ಲಿ ಕೊಳೆಯಬೇಕು. ಇದಕ್ಕೆಲ್ಲ ಪರಿಹಾರವೆಂದರೆ ರೈಲಿನ ಬಾಲಕ್ಕೊಂದು ಡೀಸೆಲ್ ಎಂಜಿನ್ ಕಟ್ಟಿಕೊಳ್ಳುವುದು. ಕಟ್ಟಿದರೆ ಚಿತ್ರ ಕೆಟ್ಟಿತೆಂದು ಏಳು ದಿನವೂ ದೂರು. ಅದನ್ನು ಮುಚ್ಚಲು ತಿರುವು ನೋಡಿ ರನ್‌ಪಾಸ್ಟ್ ಇಡಿ, ರೈಲಿನ ಬಾಲ ಮರಗಳ ಹಿಂದೆ ಉಳಿಯುವ ಹಾಗೆ.

ಪ್ರವಾಸ ಮುಗಿದ ಮೇಲೆ ಅಭಿಪ್ರಾಯ ಬರೆಯಲು ಚೀಟಿ ಹಂಚಿ, ತಪ್ಪದೆ ಓದಿ. ಊಟ, ಹಾಸಿಗೆ, ಮೂರು ಗಂಟೆ ತಡ ಇವುಗಳ ಬಗ್ಗೆ ಒಬ್ಬರೂ ಒಂದಕ್ಷರ ಬರೆದಿರುವುದಿಲ್ಲ. ಲೂಪ್ ಲೈನಿನಲ್ಲಿ ಕೊಳೆತದ್ದು ಬಹಳ ಚೆನ್ನಾಗಿತ್ತು, ಎಂಟು ಎಕ್ಸ್‌ಪ್ರೆಸ್ಸುಗಳ ಎಂಜಿನ್ ನಂಬರ್ ಬರೆದುಕೊಳ್ಳಲು ಸಿಕ್ಕಿತು ಎಂದಿರುತ್ತದೆ. ಕೊನೆಯ ಚೀಟಿಯಲ್ಲಿ ದುಂಡಗಿನ ಅಕ್ಷರದ ಒಂದು ಸಲಹೆ ಇರುತ್ತದೆ: "ಹಿಂದೆ ಕಟ್ಟಿದ್ದ ಡೀಸೆಲ್ ತುಂಬಾ ಅಪರೂಪದ ಮಾದರಿ. ಮುಂದಿನ ಸಲ ಒಂದು ದಿನ ಅದಕ್ಕೇ ಮೀಸಲಿಡಿ. ಮುಂದಿರುವ ಉಗಿ ಎಂಜಿನ್ ಚಿತ್ರಕ್ಕೆ ಅಡ್ಡ ಬರುತ್ತದೆ."