ಭಾನುವಾರ ಮೂರು ಆಟಗಳು

ಭಾನುವಾರ ಎಲ್ಲರಿಗೂ ರಜೆ. ಆ ರಜೆಯನ್ನು ಜನ ಎಲ್ಲಾದರೂ ಕಳೆಯಬೇಕಲ್ಲ, ಅದಕ್ಕೆ ನಾವು ಸರ್ಕಸ್ಸಿನವರಿದ್ದೇವೆ. ಮಧ್ಯಾಹ್ನ 1ಕ್ಕೆ ಒಂದು ಆಟ, 4ಕ್ಕೆ ಇನ್ನೊಂದು, ಸಂಜೆ 7ಕ್ಕೆ ಮತ್ತೊಂದು. ಪೋಸ್ಟರ್ ಪ್ರಕಾರ ದಿನವೂ ಮೂರೇ ಆಟ. ಆದರೆ ಮಂಗಳವಾರ ಮಧ್ಯಾಹ್ನ ಬರುವ ಜನರನ್ನು ನಾನು ಪಲ್ಟಿ ಹೊಡೆಯುತ್ತಲೇ ಎಣಿಸಿಬಿಡಬಲ್ಲೆ. ಭಾನುವಾರ ಮಾತ್ರ ಗ್ಯಾಲರಿಯ ಹಲಗೆ ಕಿರುಗುಡುವಷ್ಟು ಜನ.

ಈ ಭಾನುವಾರದ ರಜೆ ಸುಮ್ನೆ ಬಂದದ್ದಲ್ಲ. ಮುಂಬೈ ಗಿರಣಿ ಕೆಲಸಗಾರರ ಪರವಾಗಿ ನಾರಾಯಣ ಮೇಘಾಜಿ ಲೋಖಂಡೆ ವರ್ಷಗಟ್ಟಲೆ ಹೋರಾಡಿ 1890ರಲ್ಲಿ ಕೊಡಿಸಿದ್ದು. ಅದಕ್ಕೆ ಹತ್ತು ವರ್ಷ ಮೊದಲೇ, 1880ರಲ್ಲಿ, ಅದೇ ಮುಂಬೈಯಲ್ಲಿ ವಿಷ್ಣುಪಂತ ಛತ್ರೆ ತಮ್ಮ ಸರ್ಕಸ್ ಶುರು ಮಾಡಿದ್ದರು. ಅಂದರೆ ಲೋಖಂಡೆಯವರು ರಜೆ ಕೇಳುವ ಹೊತ್ತಿಗೆ ನಮ್ಮ ಕಸುಬು ಆಗಲೇ ಹುಟ್ಟಿತ್ತು. ಜೊತೆಗೆ ನಮ್ಮ ಪರವಾಗಿಯೂ ಒಂದು ಮಾತು ಹೇಳಬಹುದಿತ್ತು. ಹೇಳಿದ್ದರೆ ಗಿರಣಿಯವರು ಆ ರಜೆಯಲ್ಲಿ ಏನು ನೋಡಬೇಕಿತ್ತು ಅಂತ ಕೇಳಬೇಡಿ.

ನಾನು ಜೋಕರ್. ಬಲೆ ಕಟ್ಟುವಾಗ, ಸೈಕಲ್ ತರುವಾಗ, ಜನರೇಟರ್ ಕೆಮ್ಮಿ ನಿಂತಾಗ ಜನ ಎದ್ದು ಹೋಗದಂತೆ ನೋಡಿಕೊಳ್ಳುವವನು. ಭಾನುವಾರ ಮಕ್ಕಳು ಜಾಸ್ತಿ. ಅವರದ್ದು ಒಂದೇ ಪ್ರಶ್ನೆ: "ಹುಲಿ ಎಲ್ಲಿ?" ಹುಲಿ, ಸಿಂಹ, ಚಿರತೆ, ಕರಡಿ, ಕೋತಿ ಇವನ್ನೆಲ್ಲ ಆಡಿಸಬಾರದು ಅಂತ 1998ರಲ್ಲೇ ಕೇಂದ್ರ ಸರ್ಕಾರದ ಆದೇಶ ಬಂತು. 2001ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿ ಹಿಡಿಯಿತು. ಒಳ್ಳೆಯದೇ ಆಯಿತು. ಅವಕ್ಕಾದರೂ ಭಾನುವಾರದ ರಜೆ ಸಿಕ್ಕಿತು. ಆದರೆ ಕೋತಿ ಮಾಡುತ್ತಿದ್ದ ಕೆಲಸವನ್ನು ಯಾರಾದರೂ ಮಾಡಬೇಕಲ್ಲ!

ಕುದುರೆಯ ಕತೆಯೂ ಅಷ್ಟೇ. ಸರ್ಕಸ್ ರಿಂಗಿನ ಅಡ್ಡಳತೆ 42 ಅಡಿ. ಲಂಡನ್ನಿನ ಫಿಲಿಪ್ ಆಸ್ಟ್ಲಿ ಎಂಬಾತ 18ನೇ ಶತಮಾನದಲ್ಲಿ, ಓಡುವ ಕುದುರೆಯ ಬೆನ್ನ ಮೇಲೆ ನಿಲ್ಲಲು ಇದೇ ಸರಿ ಅಂತ ಕಂಡುಕೊಂಡ ಅಳತೆ ಅದು. ನಮ್ಮ ಕಂಪನಿಯಲ್ಲಿ ಈಗ ಕುದುರೆ ಇಲ್ಲ, 42 ಅಡಿ ಮಾತ್ರ ಹಾಗೇ ಉಳಿದಿದೆ. ಅಷ್ಟನ್ನೂ ನಾನು ಓಡುತ್ತೇನೆ.

ಬಣ್ಣದ್ದು ಇನ್ನೊಂದು ಫಜೀತಿ. ಮಧ್ಯಾಹ್ನ ಹಚ್ಚಿದ್ದು ರಾತ್ರಿ ಹತ್ತರವರೆಗೆ ಇಳಿಯುವ ಹಾಗಿಲ್ಲ. ವಾರಕ್ಕೊಮ್ಮೆ ಮೆಸ್ಸಿನಲ್ಲಿ ಕೋಳಿ ಸಾರು, ಅದೂ ಭಾನುವಾರವೇ. ಎರಡು ಆಟದ ಮಧ್ಯೆ ಅರ್ಧ ಸಾರು ತುಟಿಗೆ, ಅರ್ಧ ತುಟಿಯ ಬಣ್ಣ ಸಾರಿಗೆ. ದಾವಣಗೆರೆಯಲ್ಲಿ ಡೇರೆ ಹಾಕಿದರೂ ಭಾನುವಾರ ಬೆಣ್ಣೆ ದೋಸೆ ತಿನ್ನುವ ಯೋಗ ನನಗಿಲ್ಲ. ಹೋಟೆಲಿನ ಮುಂದೆ ಕಾದು ನಿಂತವರೆಲ್ಲ ತಿಂದು, ಕೈ ತೊಳೆದು, ನೇರ ನಮ್ಮ ಒಂದು ಗಂಟೆಯ ಆಟಕ್ಕೇ ಬರುವುದು. ಅವರ ತೇಗಿನಲ್ಲಿ ನನಗೆ ಬೆಣ್ಣೆಯ ವಾಸನೆ ಸಿಗುತ್ತದೆ.

ಇನ್ನು ನೆಂಟರು. ಮದುವೆ, ನಾಮಕರಣ, ಗೃಹಪ್ರವೇಶ ಎಲ್ಲವನ್ನೂ ಅವರು ಭಾನುವಾರವೇ ಇಟ್ಟುಕೊಳ್ಳುತ್ತಾರೆ. ನಮ್ಮ ಮನೆಯ ಯಾವ ಫೋಟೊದಲ್ಲೂ ನಾನಿಲ್ಲ. ಹೊರಗಿನವರು ನೋಡಿದರೆ ನಮ್ಮಪ್ಪನಿಗೆ ಒಬ್ಬನೇ ಮಗ, ಅದು ನನ್ನ ತಮ್ಮ ಅಂದುಕೊಳ್ಳಬೇಕು. ಯಾವ ಸಮಾರಂಭವೂ ಇಲ್ಲದ ಭಾನುವಾರ ಅವರೇ ಪಾಸ್ ಕೇಳಿಕೊಂಡು ಬರುತ್ತಾರೆ. "ಇಬ್ಬರೇ ಕಣಪ್ಪಾ" ಅಂತ ಫೋನ್ ಮಾಡಿದ ನಮ್ಮ ರಾಣೆಬೆನ್ನೂರಿನ ಮಾವ, ಒಂದು ಟೆಂಪೋ ತುಂಬ ಬಂದಿಳಿದಿದ್ದ. ಗೇಟಿನವನು ಲೆಕ್ಕ ಕೇಳಿದ್ದಕ್ಕೆ, "ಇಬ್ಬರು ದೊಡ್ಡವರು, ಉಳಿದವರೆಲ್ಲ ಮಕ್ಕಳು" ಅಂದನಂತೆ. ಆ ಮಕ್ಕಳಲ್ಲಿ ಒಬ್ಬರಿಗೆ ಮೀಸೆ ನರೆತಿತ್ತು.

ಆ ನರೆತ ಮೀಸೆಯವರು ಹೆಣ್ಣಿನ ತಂದೆ ಅಂತ ನನಗೆ ಗೊತ್ತಾದದ್ದು ಆಮೇಲೆ. ಮಾವ ಅವರಿಗೆ, "ಹುಡುಗ ದೊಡ್ಡ ಕಂಪನಿಯಲ್ಲಿದ್ದಾನೆ, ಊರೂರು ಸುತ್ತುವ ಕೆಲಸ, ಊಟ ವಸತಿ ಎಲ್ಲ ಕಂಪನಿಯದ್ದೇ" ಎಂದು ಹೇಳಿದ್ದ. ಒಂದಕ್ಷರ ಸುಳ್ಳಿಲ್ಲ ನೋಡಿ.

ಅವತ್ತು ಬೆಳಿಗ್ಗೆಯೇ ನೀರಿನ ಟ್ಯಾಂಕರ್ ಬಂದಿತ್ತು. ಟ್ಯಾಂಕರ್ ಬಂತೆಂದರೆ ನಮ್ಮಲ್ಲಿ ಬಟ್ಟೆ ಒಗೆಯುವ ಹಬ್ಬ. ಕೇರಳ, ಬಂಗಾಳ, ಅಸ್ಸಾಂ, ನೇಪಾಳ, ಇಥಿಯೋಪಿಯಾ ಎಲ್ಲ ಕಡೆಯ ಬಟ್ಟೆಗಳೂ ಡೇರೆಯ ಹಗ್ಗದ ಮೇಲೆ ಒಟ್ಟಿಗೆ ಒಣಗುತ್ತವೆ. ಅವುಗಳ ಮಧ್ಯೆ ನನ್ನ ಪಟಾಪಟಿ ಚಡ್ಡಿಯೂ ಇತ್ತು.

ಈ ಚಡ್ಡಿಯ ವಿಷಯ ಸ್ವಲ್ಪ ಹೇಳಲೇಬೇಕು. ನಮ್ಮ ಆಟದ ಕೊನೆಯ ಐಟಂ ಟ್ರೆಪೀಜ್, ಅಂದರೆ ಎತ್ತರದಲ್ಲಿ ತೂಗುವ ಉಯ್ಯಾಲೆಯಿಂದ ಹಾರುವ ಆಟ. ಫ್ರಾನ್ಸಿನ ಝೂಲ್ ಲೆಯೋಟಾರ್ 1859ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲ ಸಲ ಜನರ ಮುಂದೆ ಇದನ್ನು ಮಾಡಿ ತೋರಿಸಿದ. ಅವನು ಹಾಕಿಕೊಂಡಿದ್ದ ಮೈಗಂಟುವ ಉಡುಪಿಗೆ ಇವತ್ತಿಗೂ ಅವನದೇ ಹೆಸರು. ನನ್ನ ಉಡುಪಿಗೆ ಅಂಥ ಭಾಗ್ಯ ಇಲ್ಲ. ಎಲ್ಲರೂ ಚೆಂದಾಗಿ ಹಾರಿದ ಮೇಲೆ ಜೋಕರ್ ಹೆದರುತ್ತಾ ಹಾರಬೇಕು. ಆಚೆ ತಲೆಕೆಳಗಾಗಿ ತೂಗುತ್ತಿರುವ ಕ್ಯಾಚರ್ ಕೈ ಹಿಡಿಯುವ ಬದಲು ಪ್ಯಾಂಟು ಹಿಡಿಯಬೇಕು. ಪ್ಯಾಂಟು ಅವನ ಕೈಯಲ್ಲಿ, ನಾನು ಬಲೆಯಲ್ಲಿ. ಬೀಳುವಾಗ ಬೆನ್ನ ಮೇಲೇ ಬೀಳಬೇಕು, ಮುಖ ಕೆಳಗಾದರೆ ಮೂಗು ಉಳಿಯುವುದಿಲ್ಲ. ಆಮೇಲೆ ಬಲೆಯಿಂದಿಳಿದು, ಮೊಣಕಾಲವರೆಗಿನ ಪಟಾಪಟಿ ಚಡ್ಡಿಯಲ್ಲೇ ನಾಲ್ಕು ದಿಕ್ಕಿಗೂ ಬಗ್ಗಿ ನಮಸ್ಕಾರ. ಇಡೀ ತಮಾಷೆ ನಿಂತಿರುವುದೇ ಆ ಚಡ್ಡಿಯ ಮೇಲೆ.

ಒಂದು ಗಂಟೆಯ ಆಟ ಅರ್ಧ ಆಗಿತ್ತು. ಚಡ್ಡಿ ತರಲು ಹಿಂದೆ ಹೋದರೆ ಹಗ್ಗದ ಹತ್ತಿರ ಒಂದು ಬೀಡಾಡಿ ದನ ನಿಂತಿದೆ. ಬಾಯಿಂದ ನನ್ನ ಚಡ್ಡಿಯ ಲಾಡಿ ಮಾತ್ರ ಜೋತಾಡುತ್ತಿದೆ. ಉಳಿದದ್ದು ಆಗಲೇ ಒಳಗೆ. ಪಕ್ಕದಲ್ಲಿದ್ದ ಚಮಕಿ ಬಟ್ಟೆ, ನೈಲಾನ್ ಬಟ್ಟೆ ಯಾವುದನ್ನೂ ಅದು ಮುಟ್ಟಿರಲಿಲ್ಲ. ಹುಡುಕಿ ಹತ್ತಿಯದನ್ನೇ ತಿಂದಿತ್ತು. ಒಂದು ಕಾಲದಲ್ಲಿ ಹತ್ತಿ ಗಿರಣಿಗಳಿಗೆ ಹೆಸರಾದ ದಾವಣಗೆರೆಯ ದನ, ಅಷ್ಟೂ ಗೊತ್ತಾಗದಿರುತ್ತದಾ?

ನಮ್ಮ ಟೈಲರ್ ದಾದಾ ಬಂಗಾಳದವರು. "ಚಿಂತಾ ಮತ್ ಕರೋ" ಅಂದವರೇ ಕೈಗೆ ಸಿಕ್ಕ ಬಟ್ಟೆಯನ್ನು ಚರ್ ಅಂತ ಹರಿದು, ಮಿಷನ್ ತುಳಿದು, ಹತ್ತು ನಿಮಿಷದಲ್ಲಿ ಚಡ್ಡಿ ಹೊಲಿದೇಬಿಟ್ಟರು. ಹಳದಿ ಬಟ್ಟೆ, ಮೇಲೆ ಕೆಂಪು ಗೀಟು ಗೀಟು. ಹಾಕಿಕೊಂಡು ಮುಂದೆ ನೋಡಿದೆ, ಚೆನ್ನಾಗಿಯೇ ಇತ್ತು. ಆಗಲೇ ನನ್ನ ಹೆಸರು ಕೂಗಿದರು, ಓಡಿದೆ.

ಹಾರಿದೆ. ಪ್ಯಾಂಟು ಹೋಯಿತು. ಬಲೆಗೆ ಬಿದ್ದೆ. ಅಲ್ಲಿಯವರೆಗೆ ಎಂದಿನ ನಗು. ಇಳಿದು ಪೂರ್ವಕ್ಕೆ ಬಗ್ಗಿ ನಮಸ್ಕಾರ ಮಾಡಿದೆ. ಹಿಂದಿನಿಂದ, ಪಶ್ಚಿಮದ ಗ್ಯಾಲರಿಯಲ್ಲಿ, ಹೋ ಅಂತ ನಗು ಎದ್ದಿತು. ಪಶ್ಚಿಮಕ್ಕೆ ಬಗ್ಗಿದೆ. ಈಗ ಪೂರ್ವದವರು ಹುಚ್ಚೆದ್ದು ನಕ್ಕರು. ನಾನು ಯಾರ ಕಡೆ ಮುಖ ಮಾಡಿದರೂ ಅವರು ಸುಮ್ಮನಿರುತ್ತಾರೆ, ಬೆನ್ನ ಹಿಂದಿನವರು ಬಿದ್ದು ಬಿದ್ದು ನಗುತ್ತಾರೆ. ಉತ್ತರದ ಕಡೆಯಿಂದ ಒಬ್ಬ ಕೂಗಿದ: "ಯಾಕಲೇ ಜೋಕರ್, ಹುಷಾರಿಲ್ಲೇನು? ಡಾಕ್ಟ್ರು ಏನಂದ್ರು?"

ಒಳಗೆ ಬಂದು ಬಿಚ್ಚಿ ನೋಡಿದರೆ ಹಿಂಭಾಗದಲ್ಲಿ ದಪ್ಪ ಅಕ್ಷರ. ಆಟೋಗೆ ಕಟ್ಟಿ, ಮೈಕ್ ಹಿಡಿದು ಊರೆಲ್ಲ ಸುತ್ತಿಸುವ ಬಟ್ಟೆಯ ಬ್ಯಾನರ್ ಅದು. ಎಡಗಡೆ 'ಇನ್ನು ಕೆಲವೇ', ಬಲಗಡೆ 'ದಿನಗಳು ಮಾತ್ರ'. ಹೊಲಿದ ದಾದಾಗೆ ಕನ್ನಡ ಓದಲು ಬರುವುದಿಲ್ಲ. ಪ್ಯಾಂಟು ಎಳೆದ ಕ್ಯಾಚರ್ ಮಲಯಾಳಿ. ಮೇಲಿಂದ ನೋಡುತ್ತಿದ್ದ ಹುಡುಗಿಯರು ನೇಪಾಳದವರು. ಇಡೀ ಕಂಪನಿಯಲ್ಲಿ ಕನ್ನಡ ಓದಬಲ್ಲವನು ನಾನೊಬ್ಬನೇ, ನನಗೆ ನನ್ನ ಹಿಂಭಾಗ ಕಾಣುವುದಿಲ್ಲ.

ರಾತ್ರಿ ಮಾವನ ಫೋನ್ ಬಂತು. ಬೈಯುತ್ತಾನೆ ಅಂತ ಕಿವಿಯಿಂದ ಸ್ವಲ್ಪ ದೂರವೇ ಹಿಡಿದಿದ್ದೆ.

"ಹುಡುಗ ಎಲ್ಲಿ ಅಂತ ಕೇಳಿದ್ರು. ಒಳಗ ಆಫೀಸಿನಾಗ ಭಾಳ ಕೆಲಸ ಐತಿ ಅಂದೆ."

"ಮತ್ತೆ?"

"ಒಪ್ಪಿದಂಗ ಕಾಣ್ತದ. ಆದ್ರ ಆ ಜೋಕರ್‌ನ ನೋಡಿ ಹುಡುಗಿ ಅಜ್ಜಿ ಭಾಳ ಮರುಗಿದಳಪ್ಪ. ಪಾಪ, ಸಾಯೋ ಹೊತ್ತಿನಾಗೂ ದುಡಿಸ್ತಾರಲ್ಲ ಅಂತ. ಔಷಧಕ್ಕ ಇರ್ಲಿ, ಅವನ ಕೈಗೆ ಕೊಡು ಅಂತ ನೂರು ರೂಪಾಯಿ ಕೊಟ್ಟಾಳ."

ಆ ನೂರು ರೂಪಾಯಿ ಇನ್ನೂ ಮಾವನ ಹತ್ತಿರವೇ ಇದೆ. ಟೆಂಪೋ ಡೀಸೆಲ್ಲಿಗೆ ಆಯಿತಂತೆ.

ನಮ್ಮ ಮ್ಯಾನೇಜರ್ ಕೇರಳದ ತಲಶೇರಿಯವರು. ಕೀಲೇರಿ ಕುಂಞಿಕಣ್ಣನ್ 1901ರಲ್ಲಿ ಸರ್ಕಸ್ ಶಾಲೆ ತೆರೆದ ಊರು ಅದು. ಅಲ್ಲಿಯವರಿಗೆ ಸರ್ಕಸ್ಸಿನ ಬಗ್ಗೆ ಬೇರೆಯವರು ಏನೂ ಹೇಳಿಕೊಡಬೇಕಾಗಿಲ್ಲ. ಬ್ಯಾನರ್ ಹರಿದದ್ದಕ್ಕೆ ದಾದಾಗೆ ಬೈದರು, ಸರಿ. ಆದರೆ ನಾಲ್ಕರ ಆಟಕ್ಕೂ ಏಳರ ಆಟಕ್ಕೂ ಅದೇ ಚಡ್ಡಿ ಹಾಕಿಸಿದರು. ಸೋಮವಾರ ಟಿಕೆಟ್ ಕೌಂಟರಿನಲ್ಲಿ, "ಆ ಜೋಕರ್ ಇನ್ನೂ ಇದ್ದಾನಾ?" ಅಂತ ಕೇಳಿಕೊಂಡು ಜನ ಬಂದರಂತೆ. ಇದ್ದಾನೆ ಅಂತ ಹೇಳಿ ಟಿಕೆಟ್ ಕೊಟ್ಟರು.

ಬುಧವಾರ ಮ್ಯಾನೇಜರ್ ನನ್ನನ್ನು ಆಫೀಸಿಗೆ ಕರೆದರು. ಒಳಗೆ ಊರಿನ ಬಟ್ಟೆ ಅಂಗಡಿಯ ಮಾಲೀಕರೊಬ್ಬರು ಕೂತಿದ್ದರು. ಕೈಯಲ್ಲಿ ಅಳತೆಯ ಟೇಪು.

"ಇವರದ್ದು ಆಷಾಢದ ರಿಯಾಯಿತಿ ಇದೆ" ಅಂದರು ಮ್ಯಾನೇಜರ್. "ಹಿಂದುಗಡೆ ನಮ್ಮದೇ ಇರಲಿ. ಮುಂದುಗಡೆ ಖಾಲಿ ಇದೆಯಲ್ಲ?"

ಮಾಲೀಕರು ಮುಂದುಗಡೆಗೆ ಒಪ್ಪಿಲ್ಲ. ಜನ ನಗುವುದು ಹಿಂದುಗಡೆ ನೋಡಿಯೇ ಅಂತ ಅವರೂ ಎರಡು ಸಲ ಬಂದು ನೋಡಿ ಖಾತ್ರಿ ಮಾಡಿಕೊಂಡಿದ್ದಾರೆ. ರೇಟು ಇನ್ನೂ ಕುದುರಿಲ್ಲ.